ಹತ್ತನೆಯ ಸೇರು

ಲಾಭ… ಎರಡ… ಮೂರ… ಹಿತ್ತಾಳೆಯ ಸೇರಿನಿಂದ ತಕ್ಕಡಿಯ ತಟ್ಟೆಗೆ ಜೋಳ ಸರ್ರೆಂದು ಬೀಳುವ ಸದ್ದು, ಅದರ ಹಿಂದೆಯೇ ನಮ್ಮ ಅಂಗಡಿಯ ಕಾಕಾ ಎಳೆದು ಹಾಡಿದಂತೆ ಎಣಿಸುವ ದನಿ. ಧಾನ್ಯ ಅಳೆಯುವವರು ಮೊದಲ ಸೇರಿಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಇಂದಿಗೂ ಯಾರಾದರೂ ಡಬ್ಬಿಗೆ ಜೋಳ ಸುರಿದರೆ ನಾನು ಮನಸ್ಸಿನಲ್ಲೇ ಎಣಿಸುತ್ತೇನೆ. ಒಂಬತ್ತಕ್ಕೆ ಬಂದರೆ ಉಸಿರು ಬಿಗಿಹಿಡಿಯುತ್ತೇನೆ.

ನಮ್ಮ ಮಾವನವರದು ಹುಬ್ಬಳ್ಳಿಯಲ್ಲಿ ಕಾಳುಕಡಿಯ ಅಂಗಡಿ. ವ್ಯಾಪಾರಕ್ಕೆ ಕಿಲೋ ಬಂದು ಎಷ್ಟೋ ಕಾಲವಾಗಿತ್ತು, ಆದರೆ ಅಮಾವಾಸ್ಯೆಯ ಅಂಗಡಿ ಪೂಜೆಗೆ ಹಳೆಯ ಸೇರೇ ಹೊರಬರುತ್ತಿತ್ತು. ಪೂಜೆಯಾದ ಮೇಲೆ, ತೊಲೆಗೆ ತೂಗುಹಾಕಿದ ದೊಡ್ಡ ತಕ್ಕಡಿಯ ಒಂದು ತಟ್ಟೆಯಲ್ಲಿ ಮನೆಯ ಚಿಕ್ಕ ಕೂಸನ್ನು ಕೂರಿಸುವುದು, ಇನ್ನೊಂದರಲ್ಲಿ ಸಮತೂಕ ಬರುವ ತನಕ ಜೋಳ ಸುರಿಯುವುದು, ಆ ಜೋಳವನ್ನು ಮಠದ ದಾಸೋಹಕ್ಕೆ ಕಳಿಸುವುದು. ಕೂಸು ಬೆಳೆದಂತೆ ಸೇರೂ ಬೆಳೆಯಬೇಕು.

ನನ್ನ ಮಗಳದು ಬೆಳೆಯಲಿಲ್ಲ. ವಯಸ್ಸು ಎರಡು ತುಂಬುತ್ತ ಬಂದಿದ್ದರೂ ಮೂರು ಅಮಾವಾಸ್ಯೆ ಒಂಬತ್ತಕ್ಕೇ ನಿಂತಳು.

ನಾನು ಧಾರವಾಡದ ಕಾನ್ವೆಂಟಿನಲ್ಲಿ ಕಲಿತವಳು. ಸಿಸ್ಟರ್‌ಗಳ ಶಿಸ್ತು ಮೈಗೆ ಹತ್ತಿತ್ತು. ಪುಸ್ತಕ ನೋಡಿ ಆರಕ್ಕೆ ಮಿಲ್ಕ್, ಒಂಬತ್ತಕ್ಕೆ ಪಾರಿಜ್, ಕುತ್ತಿಗೆಗೆ ಬಿಬ್, ಕೈಯಲ್ಲಿ ಸ್ಪೂನ್. ಐ ವಾಸ್ ಸೋ ಪ್ರೌಡ್ ಆಫ್ ದಟ್ ಟೈಮ್‌ಟೇಬಲ್. ಮಗಳು ಮಾತ್ರ ಎರಡು ತುತ್ತು ಗಲ್ಲದಲ್ಲಿಟ್ಟುಕೊಂಡು ಬಾಗಿಲ ಕಡೆ ನೋಡುತ್ತ ಕೂರುತ್ತಿದ್ದಳು. ನಮ್ಮವರು ಹಿಂದಿನಿಂದ ಕಾಗೆ ತೋರಿಸಬೇಕು, ನಾನು ಮುಂದಿನಿಂದ ಸ್ಪೂನ್ ತುರುಕಬೇಕು. ಅತ್ತೆಯವರು ಹಂಚಿನ ಮೇಲಿನ ರೊಟ್ಟಿ ತಿರುವಿಹಾಕುತ್ತ ಹೇಳಿದ ಮಾತು ಇಡೀ ಓಣಿಗೆ ಗೊತ್ತಾಯಿತು: “ಗಡಿಯಾರ ನೋಡಿ ಉಣಿಸಿದ್ರ ಗಡಿಯಾರ ದಪ್ಪ ಆಗತೈತಿ, ಕೂಸಲ್ಲ.”

ಬಂದವರೆಲ್ಲ ಮಗಳ ರಟ್ಟೆಯನ್ನು ಎರಡು ಬೆರಳಿನಲ್ಲಿ ಹಿಡಿದು ನೋಡುವರು. ಕಸಬರಿಗೆ ಕಡ್ಡಿ ಎಂದು ಒಬ್ಬಾಕೆ ನಕ್ಕಳು. ಅಂದಿನಿಂದ ಬೇಸಿಗೆಯಲ್ಲೂ ಅವಳಿಗೆ ಉದ್ದ ತೋಳಿನ ಫ್ರಾಕ್ ಹಾಕತೊಡಗಿದೆ. ತಾನೂ ಚಿಕ್ಕಂದಿನಲ್ಲಿ ಹೀಗೇ ಇದ್ದೆ ಎಂದು ನಮ್ಮವರು ಧೈರ್ಯ ಹೇಳುತ್ತಿದ್ದರು, ಹೇಳುತ್ತಲೇ ಅವಳ ಮುಂಗೈ ಮುಟ್ಟಿ ನೋಡುತ್ತಿದ್ದರು.

ಮೂರನೆಯ ಸಲವೂ ಒಂಬತ್ತಾದಾಗ ಅತ್ತೆಯವರು ತೀರ್ಮಾನ ಹೇಳಿಬಿಟ್ಟರು. ಬರುವ ಅಮಾವಾಸ್ಯೆಗೆ ಹತ್ತಾಗದಿದ್ದರೆ ಕೂಸು ಅಮ್ಮಿನಬಾವಿಗೆ ಹೋಗಬೇಕು. ಅಲ್ಲಿ ನನ್ನ ನಾದಿನಿಯ ಮನೆ, ನಾಲ್ಕು ಎಮ್ಮೆಯ ಹೈನು. ಸಾಲಿಗೆ ಹಾಕುವ ತನಕ ಅಲ್ಲೇ ಬೆಳೆಯಲಿ ಎಂದರು. ಅತ್ತೆಯವರ ಒಂದು ಕೂಸು ಹೀಗೇ ಸಣ್ಣಗಾಗುತ್ತ ತೀರಿಹೋಗಿತ್ತೆಂದು ನನಗೆ ತಿಳಿದದ್ದು ಬಹಳ ತಡವಾಗಿ. ಆಗ ಕಂಡದ್ದು ಬರೀ ಹಟ. ಆ ತಿಂಗಳು ಮಗಳ ಬಟ್ಟೆ ಮಡಚಿದಾಗಲೆಲ್ಲ ಕಪಾಟಿನ ತಳಕ್ಕೇ ಇಡುತ್ತಿದ್ದೆ.

ಕಾಕಾ ನಮ್ಮ ಅಂಗಡಿಯ ತೂಕದವರು. ಬೇರೆ ಕಡೆ ಸೇರಿನೊಳಗೆ ಹೆಬ್ಬೆರಳು ಇಳಿಬಿಟ್ಟು, ಕಾಳು ಕಡಿಮೆ ಹಿಡಿಯುವಂತೆ ಅಳೆಯುವ ಚಾಲಾಕಿ ಇತ್ತು. ಇವರು ಸೇರನ್ನು ತೆರೆದ ಅಂಗೈ ಮೇಲಿಟ್ಟು, ಕೆಳಗಿನಿಂದ ಹಿಡಿದು, ಎಲ್ಲರಿಗೂ ಕಾಣುವಂತೆ ಅಳೆಯುವರು. ಆ ಕೈ ನೋಡಿಯೇ ರೈತರು ನಮ್ಮಲ್ಲಿಗೆ ಬರುತ್ತಿದ್ದರು.

ಆ ಅಮಾವಾಸ್ಯೆ ಮಗಳು ನನ್ನ ಸೆರಗು ಬಿಡಲಿಲ್ಲವಾದ್ದರಿಂದ ನಾನು ತಕ್ಕಡಿಯ ಪಕ್ಕದಲ್ಲೇ ನಿಂತಿದ್ದೆ. ಆಚೆ ನಮ್ಮವರು. ಅತ್ತೆಯವರು ಒಳಬಾಗಿಲಿನಲ್ಲಿ, ಕಣ್ಣು ಮಂಜಾದವರು, ಎಣಿಕೆಗೆ ಕಿವಿಗೊಟ್ಟು ಕೂತಿದ್ದರು. ಕಾಕಾ ಸೇರು ತುಂಬಿದರು. ನಾಲ್ಕೂ ಬೆರಳು ಸೇರಿನ ಒಳಗಿದ್ದವು. ಲಾಭ ಎಂದರು, ಎರಡ ಎಂದರು, ಪ್ರತಿ ಸಲವೂ ಬೆರಳು ಒಳಗೇ. ನನ್ನ ಕಡೆ ಒಮ್ಮೆಯೂ ನೋಡಲಿಲ್ಲ. ತಟ್ಟೆಗಳು ಸಮ ನಿಂತದ್ದು ಹತ್ತಕ್ಕೆ.

ಅತ್ತೆಯವರು ಇನ್ನೊಮ್ಮೆ ಹೇಳಿಸಿದರು.

“ಹತ್ತ ರೀ ಅವ್ವಾರ.”

ಅವರು ಸೆರಗಿನಿಂದ ಕಣ್ಣೊತ್ತಿಕೊಂಡರು. ಮಾರಲ್ ಸೈನ್ಸಿನಲ್ಲಿ ಪ್ರತಿ ವರ್ಷ ಫಸ್ಟ್ ಬರುತ್ತಿದ್ದ ನಾನು ತುಟಿ ಪಿಟ್ಟೆನ್ನಲಿಲ್ಲ. ಮನೆಗೆ ಹೊರಟಾಗ ಸ್ಕೂಟರಿನ ಮುಂದಿನಿಂದ ನಮ್ಮವರು, “ಕಾಕಾನ ಕೈ ಇವತ್ತ ಭಾಳ ದಪ್ಪ ಇತ್ತಲ್ಲ,” ಎಂದರು. ನಾನು ಅವರ ಬೆನ್ನಿಗೆ ಹಣೆ ಹಚ್ಚಿ ಕೂತೆ.

ಆಮೇಲೆ ಯಾರೂ ಕೂಸಿನ ಬೆನ್ನು ಹತ್ತಲಿಲ್ಲ. ಟೈಮ್‌ಟೇಬಲ್ ತಾನಾಗಿಯೇ ತಪ್ಪಿತು. ಒಂದು ಮಧ್ಯಾಹ್ನ ನೋಡುತ್ತೇನೆ, ಮಗಳು ಅತ್ತೆಯವರ ತಾಟಿನಿಂದ ಹಾಲಿನಲ್ಲಿ ನೆನೆದ ರೊಟ್ಟಿಯನ್ನು ತಾನೇ ಎತ್ತಿ ಎತ್ತಿ ತಿನ್ನುತ್ತಿದ್ದಾಳೆ. ಮುಂದಿನ ಅಮಾವಾಸ್ಯೆ ಕಾಕಾ ಸೇರನ್ನು ಎಂದಿನಂತೆ ಅಂಗೈ ಮೇಲೆಯೇ ಹಿಡಿದರು. ಹತ್ತು ಬಂತು, ಖರೆಯ ಹತ್ತು.

ಈಗ ಆ ಮಗಳು ನವನಗರದಲ್ಲಿದ್ದಾಳೆ. ಅವಳ ಮಗಳಿಗೆ ಮೂರು ತುಂಬಿದೆ, ಗುಂಡಗುಂಡಗೆ. ಬಾತ್‌ರೂಮಿನಲ್ಲಿ ಗಾಜಿನ ತೂಕದ ಮಶೀನು, ಫೋನಿನಲ್ಲಿ ಗ್ರೋತ್ ಚಾರ್ಟ್. ಪ್ಲೇಸ್ಕೂಲಿನಲ್ಲಿ ಯಾರೋ ಗುಂಡಮ್ಮ ಎಂದರಂತೆ. ಮೊಮ್ಮಗಳು ಕನ್ನಡಿ ಮುಂದೆ ನಿಂತು ಹೊಟ್ಟೆ ಒಳಗೆಳೆದುಕೊಳ್ಳುವುದನ್ನು ಕಂಡ ದಿನ ನನ್ನ ಮಗಳು ಅತ್ತಳು, ಮರುದಿನ ತುಪ್ಪ ನಿಲ್ಲಿಸಿದಳು. ಆ ಉದ್ದ ತೋಳಿನ ಫ್ರಾಕು ನೆನಪಾಗಿ ನಾನು ಸೇರಿನ ಕಥೆ ಹೇಳಿದೆ. ಕಾಕಾನನ್ನು ನೋಡಬೇಕು ಎಂದಳು.

ಅವರು ಲಕಮನಹಳ್ಳಿಯಲ್ಲಿ ಮಗನ ಮನೆಯಲ್ಲಿದ್ದರು, ತೀರಾ ಹಣ್ಣಾಗಿದ್ದರು. ಮಗಳು ಕೂಸನ್ನು ಅವರ ಪಕ್ಕಕ್ಕೆ ಕೂರಿಸಿ, ಭಾಳ ದಪ್ಪ ಆಗ್ಯಾಳೇನು ನೋಡ್ರಿ ಅಜ್ಜಾರ ಎಂದು ನಗುತ್ತ ಕೇಳಿದಳು. ದನಿಯಲ್ಲಿ ನಗು ಇರಲಿಲ್ಲ, ಕಣ್ಣು ಅವರ ಕೈ ಮೇಲಿತ್ತು.

“ನಿಮ್ಮವ್ವಾರೂ ಹಿಂಗ ನೋಡತಿದ್ರು ನನ್ನ ಕೈನ,” ಎಂದರು ಕಾಕಾ. ಆಮೇಲೆ ನನ್ನ ಕಡೆ ತಿರುಗಿ, “ಹತ್ತು ಅಂತ ಬಾಯಿಲೆ ಅಂದ ಮ್ಯಾಲೆ ಮಠಕ್ಕ ಹತ್ತು ಮುಟ್ಟಬೇಕಲ್ರಿ ಅಕ್ಕಾರ. ಕಡಿಮಿ ಬಿದ್ದ ಜೋಳ ನಮ್ಮ ಮನೀದು ಹಾಕಿ ಕಳಿಸಿದೆ.”

ಇಷ್ಟು ವರ್ಷ ನನಗದು ಗೊತ್ತೇ ಇರಲಿಲ್ಲ.

ಅವರ ಸೊಸೆ ರೊಟ್ಟಿ, ಬೆಣ್ಣೆ ತಂದಿಟ್ಟಳು. ಮೊಮ್ಮಗಳು ಕೈ ಚಾಚಿ, ತಡೆದು, ತಾಯಿಯ ಮುಖ ನೋಡಿದಳು. ನನ್ನ ಮಗಳು ರೊಟ್ಟಿಗೆ ಬೆಣ್ಣೆ ಹಚ್ಚಿ, “ತಿನ್ನವ್ವಾ,” ಎಂದಳು. ನಾನು ಚಪ್ಪಲಿ ಮೆಟ್ಟಿಕೊಳ್ಳಲು ಎದ್ದವಳು ಬಾಗಿಲಿನಿಂದ ಹಿಂದಿರುಗಿ ನೋಡಿದೆ. ಕೂಸು ತಿನ್ನುತ್ತಿತ್ತು. ಕಾಕಾ ಅವಳ ಮುಂದೆ ತಾಟನ್ನು ತೆರೆದ ಅಂಗೈ ಮೇಲಿಟ್ಟು, ಕೆಳಗಿನಿಂದ ಹಿಡಿದು, ಅಲುಗದೆ ಕೂತಿದ್ದರು. ಅವರನ್ನು ನಾನು ಕೊನೆಯ ಸಲ ಕಂಡದ್ದು ಹಾಗೆ.