ಮುಡಿಪಿನ ಕಾಸಿನ ಗಾಲಿಗಳು

ಮುಳ್ಳೂರಿನ ಚಿಕ್ಕಮಾದಪ್ಪನ ಬಲಗೈಯ ಮೂರು ಬೆರಳು ಮಡಚುವುದಿಲ್ಲ. ಅವನ ಅಣ್ಣ ದೊಡ್ಡಮಾದಪ್ಪನ ಎಡಗೈ ಭುಜಕ್ಕಿಂತ ಮೇಲೆ ಏಳುವುದಿಲ್ಲ. ಎರಡೂ ಆದದ್ದು ಒಂದೇ ಬೆಳಿಗ್ಗೆ, ಒಂದೇ ನಡುಮನೆಯಲ್ಲಿ. ಕಾರಣ, ಒಂದೂವರೆ ಗೇಣು ಉದ್ದದ ಒಂದು ತಗಡಿನ ರೈಲು ಇಂಜಿನ್ನು.

ಹೊಡೆತ ಆ ಮನೆಗೆ ಹೊಸದಲ್ಲ. ಅವರಪ್ಪ ಎತ್ತಿಗೂ ಮಕ್ಕಳಿಗೂ ಒಂದೇ ಬಾರುಕೋಲು ಇಟ್ಟುಕೊಂಡಿದ್ದ. ಗದ್ದೆಗೆ ನೀರು ಕಟ್ಟುವುದು ತಡವಾದರೆ ಹೊಡೆತ, ಎಮ್ಮೆ ಹಗ್ಗ ಕಿತ್ತುಕೊಂಡರೆ ಹೊಡೆತ. ಹೊಡೆಯುವಾಗ ಬಾಯಿ ಬಿಡುತ್ತಿರಲಿಲ್ಲ, ಉಸಿರಷ್ಟೇ ಕೇಳಿಸುತ್ತಿತ್ತು. ಅವನು ಸತ್ತ ಮೇಲೆ ಬಾರುಕೋಲು ದೊಡ್ಡಮಾದಪ್ಪನ ಕೈಗೆ ಬಂತು. ಆ ಉಸಿರೂ ಬಂತು.

ಚಿಕ್ಕಮಾದಪ್ಪ ಪಂಪ್‌ಸೆಟ್ ಬಿಚ್ಚಿ ಜೋಡಿಸುವುದರಲ್ಲಿ ಗಟ್ಟಿಗ. ವರ್ಷಕ್ಕೊಮ್ಮೆ ಅಣ್ಣತಮ್ಮಂದಿರು ಅರಿಶಿನ ಮಾರಲು ಈರೋಡಿಗೆ ಹೋಗುತ್ತಿದ್ದರು. ಕೊಳ್ಳೇಗಾಲದ ಕಡೆ ರೈಲಿಲ್ಲ. ಅರವತ್ತಾರನೇ ಇಸವಿಯಲ್ಲಿ ಅವನು ಈರೋಡಿನಲ್ಲಿ ಮೊದಲ ಸಲ ಡೀಸೆಲ್ ಇಂಜಿನ್ನನ್ನು ಹತ್ತಿರದಿಂದ ಕಂಡ. ನಮ್ಮ ಬಾವಿಯ ಪಂಪ್‌ಸೆಟ್ಟಿನ ಸದ್ದೇ ಇದಕ್ಕೂ, ಆದರೆ ಇದು ನಡೆಯುತ್ತದಲ್ಲ ಎಂದು ಬೆರಗಾದ. ಲೈನಿಗಿಳಿದು, ಕೈ ಚಾಚಿ, ಅದರ ಉದ್ದವನ್ನು ಮೊಳ ಹಾಕತೊಡಗಿದ. ಕಾವಲಿನವನೊಬ್ಬ ಓಡಿಬಂದು ಕತ್ತು ಹಿಡಿದು ಜಲ್ಲಿಯ ಮೇಲೆ ಕೆಡವಿದ. ಮೊಣಕಾಲು ತರಚಿ ರಕ್ತ ಬಂತು. ಅಷ್ಟರಲ್ಲಿ ಅಳತೆ ಮುಗಿದಿತ್ತು.

ಊರಿಗೆ ಬಂದು ಒಂದು ಮೊಳಕ್ಕೆ ಅರ್ಧ ಬೆರಳಿನ ಲೆಕ್ಕದಲ್ಲಿ ಇಂಜಿನ್ನು ಕಟ್ಟತೊಡಗಿದ. ಮೈಗೆ ಸೀಮೆಎಣ್ಣೆ ಡಬ್ಬದ ತಗಡು, ಹಳಿಯ ಕಂಬಿಗೆ ಮುರಿದ ಕೊಡೆಯ ಕಡ್ಡಿ, ದೀಪಕ್ಕೆ ಬ್ಯಾಟರಿಯ ಬಲ್ಬು. ಒಳಗಿನ ಮೋಟರು ಒಂದು ಆಟದ ಕಾರಿನದು. ಮೊದಲನೆಯದನ್ನು ದೊಡ್ಡಮಾದಪ್ಪ ಅರಿಶಿನ ಬೇಯುತ್ತಿದ್ದ ಕೊಪ್ಪರಿಗೆಗೆ ಎಸೆದ. ಅದನ್ನು ಎತ್ತಲು ಹೋದ ತಮ್ಮನ ಬೆನ್ನಿಗೆ ಬಾರುಕೋಲಿನಿಂದ ಬಾರಿಸಿದ. ಹೊಲದ ಕೆಲಸ ಬಿಟ್ಟು ತಗಡು ಕುಟ್ಟುವುದು ಗಂಡಸಿನ ಲಕ್ಷಣವಲ್ಲ ಎಂಬುದು ಅವನ ವಾದ. ಚಿಕ್ಕಮಾದಪ್ಪ ಬೆನ್ನಿಗೆ ಹರಳೆಣ್ಣೆ ಸವರಿಕೊಂಡು ಎರಡನೆಯದಕ್ಕೆ ತಗಡು ಕತ್ತರಿಸಿದ.

ಗಾಲಿಯದೇ ಕಷ್ಟ. ಹನ್ನೆರಡು ಬೇಕು, ಎಲ್ಲವೂ ಒಂದೇ ಗಾತ್ರ, ತೂತು ನಡುಮಧ್ಯ. ಕೈಯಲ್ಲಿ ಕತ್ತರಿಸಿದವು ಕಂಬಿಯಿಂದ ಜಾರುತ್ತಿದ್ದವು. ಕೊನೆಗೆ ಹಳೆಯ ತೂತಿನ ಕಾಸು ನೆನಪಾಯಿತು. ನಯಾಪೈಸೆ ಬಂದ ಮೇಲೆ ಅದು ನಡೆಯದ ನಾಣ್ಯ. ಮಕ್ಕಳ ಉಡಿದಾರದಲ್ಲಿ, ಕರುಗಳ ಕೊರಳಲ್ಲಿ ಮಾತ್ರ ಉಳಿದಿತ್ತು. ಊರೆಲ್ಲ ಬೇಡಿದರೂ ಎಂಟೇ ಸಿಕ್ಕವು.

ಉಳಿದ ನಾಲ್ಕು ಅವನ ತಲೆಯ ಮೇಲೆಯೇ, ನಡುಮನೆಯ ತೊಲೆಯಲ್ಲಿ ತೂಗುತ್ತಿದ್ದವು. ಅಣ್ಣನ ಮಗಳು ಪುಟ್ಟಬಸಮ್ಮನಿಗೆ ಸಿಡುಬು ಎದ್ದು ಉಸಿರು ಕಟ್ಟಿದ ದಿನ, ದೊಡ್ಡಮಾದಪ್ಪ ಅವಳ ಉಡಿದಾರದ ಕಾಸುಗಳನ್ನೇ ಬಿಚ್ಚಿ, ಹಣೆಗೆ ಮುಟ್ಟಿಸಿ, ಅರಿಶಿನದ ಬಟ್ಟೆಯಲ್ಲಿ ಮಾದಪ್ಪನ ಬೆಟ್ಟಕ್ಕೆ ಮುಡಿಪು ಕಟ್ಟಿದ್ದ. ಮಗು ಉಳಿಯಿತು. ಬೆಟ್ಟಕ್ಕೆ ಹೋಗುವುದು ಮಾತ್ರ ಮುಂದೆ ಮುಂದೆ ಹೋಗುತ್ತಿತ್ತು.

ಅಂಗಡಿಯವನೂ ಮುಟ್ಟದ ಕಾಸು ದೇವರಿಗೇಕೆ ಎಂದುಕೊಂಡ ಚಿಕ್ಕಮಾದಪ್ಪ. ನಾಲ್ಕನ್ನು ತೆಗೆದು, ಅದೇ ಬಟ್ಟೆಯಲ್ಲಿ ಹೊಸ ನಾಣ್ಯ ನಾಲ್ಕನ್ನಿಟ್ಟು, ಮೊದಲಿನಂತೆಯೇ ಗಂಟು ಹಾಕಿದ. ಕಳ್ಳತನ ಅನ್ನಿಸಲಿಲ್ಲ, ದೇವರಿಗೆ ಲಾಭವೇ ಆಯಿತು ಅನ್ನಿಸಿತು.

ಇಂಜಿನ್ನು ಓಡಿತು. ಅದೇ ವಾರ ಪುಟ್ಟಬಸಮ್ಮನಿಗೆ ಜ್ವರ ಬಂತು, ಇಳಿಯಲಿಲ್ಲ. ಹರಕೆ ತಡವಾದದ್ದಕ್ಕೇ ಹೀಗೆ ಎಂದು ದೊಡ್ಡಮಾದಪ್ಪ ಬೆಟ್ಟಕ್ಕೆ ಹೊರಡಲು ಮುಡಿಪನ್ನು ಇಳಿಸಿದ. ಮಗುವಿನ ಹಣೆಗೆ ಮತ್ತೊಮ್ಮೆ ಮುಟ್ಟಿಸೋಣವೆಂದು ಗಂಟು ಬಿಚ್ಚಿದ. ತೂತಿಲ್ಲದ ನಾಣ್ಯಗಳನ್ನು ಕಂಡ. ತಮ್ಮನ ಮೂಲೆಯಲ್ಲಿದ್ದ ಇಂಜಿನ್ನಿನ ಗಾಲಿಗಳನ್ನೂ ಕಂಡ.

"ನನ್ ಮಗೀನ ಉಸ್ರು ಕಣ್ಲಾ ಅದು," ಅಂದ. ಆಮೇಲೆ ಮಾತಿಲ್ಲ, ಉಸಿರು ಮಾತ್ರ.

ಇಂಜಿನ್ನನ್ನು ಒರಳುಕಲ್ಲಿನ ಮೇಲಿಟ್ಟು ಒನಕೆ ಎತ್ತಿದ. ಚಿಕ್ಕಮಾದಪ್ಪ ಅದರ ಮೇಲೆ ಬಲಗೈ ಅಡ್ಡ ಇಟ್ಟ. ಒನಕೆ ಬಿತ್ತು. ಎರಡನೆಯ ಸಲ ಎತ್ತುವಾಗ ಕೆಳಗಿರುವುದು ಕೈ ಎಂದು ದೊಡ್ಡಮಾದಪ್ಪನಿಗೆ ಗೊತ್ತಿತ್ತು. ಆದರೂ ಬಿತ್ತು. ಅವನ ಹೆಂಡತಿ ಶಿವರತ್ನಮ್ಮ ನಡುವೆ ನುಗ್ಗಿದಳು. ಒನಕೆಯ ತುದಿ ಅವಳ ಹಣೆ ಸೀಳಿತು. ಅತ್ತಿಗೆ ಗೋಡೆಗೆ ಒರಗಿ ಕುಸಿದದ್ದನ್ನು ಕಂಡ ಚಿಕ್ಕಮಾದಪ್ಪ ಸೂರಿನಲ್ಲಿ ಸಿಕ್ಕಿಸಿದ್ದ ಕುಡುಗೋಲನ್ನು ಎಡಗೈಯಲ್ಲೇ ಎಳೆದು ಬೀಸಿದ. ಅದು ಅಣ್ಣನ ಎಡಭುಜದಲ್ಲಿ ಮೂಳೆಯವರೆಗೆ ಇಳಿಯಿತು. ನಡುಮನೆಯ ನೆಲ ರಕ್ತಕ್ಕೆ ಜಾರತೊಡಗಿತು.

ಪಕ್ಕದ ಮನೆಯ ಕೆಂಪನಂಜಪ್ಪ ಗಾಡಿ ಕಟ್ಟಿ, ಇಬ್ಬರನ್ನೂ ಒಂದೇ ಹುಲ್ಲಿನ ಮೇಲೆ ಮಲಗಿಸಿ, ಅತ್ತಿಗೆಯನ್ನೂ ಮಗುವನ್ನೂ ಕೂರಿಸಿಕೊಂಡು ಕಾಮಗೆರೆ ಆಸ್ಪತ್ರೆಗೆ ಹೊಡೆದ. ದಾರಿಯಲ್ಲಿ ದೊಡ್ಡಮಾದಪ್ಪ ಗಾಯವಿಲ್ಲದ ಕೈಯಿಂದ ತಮ್ಮನ ಗಂಟಲು ಹಿಡಿದ.

"ಕೊಲ್ಲಂಗಿದ್ರೆ ಇಳ್ದು ಕೊಲ್ಕಳಿ ಕಣ್ರಲಾ," ಅಂದ ಕೆಂಪನಂಜಪ್ಪ ತಿರುಗಿ ನೋಡದೆ. "ಎತ್ತು ಬೆದರ್ತವೆ."

ಆಸ್ಪತ್ರೆಗೆ ಬಂದ ಪೇದೆ ಒಬ್ಬೊಬ್ಬರನ್ನೇ ಕೇಳಿದ. ಮನೆಯ ಜಗಳವನ್ನು ಠಾಣೆಗೆ ಕೊಡುವ ಪದ್ಧತಿ ಆ ಮನೆಯಲ್ಲಿಲ್ಲ. ಎತ್ತು ತಿವಿಯಿತು ಅಂದ ಅಣ್ಣ. ಪಂಪ್‌ಸೆಟ್ಟಿನ ಬೆಲ್ಟಿಗೆ ಸಿಕ್ಕಿತು ಅಂದ ತಮ್ಮ. ಬಾಗಿಲು ತಗುಲಿತು ಅಂದಳು ಶಿವರತ್ನಮ್ಮ.

"ಬಲೇ ಮನೆ ಕಣಮ್ಮ ನಿಮ್ದು," ಅಂದ ಪೇದೆ. "ಎತ್ತು, ಬೆಲ್ಟು, ಬಾಗ್ಲು, ಎಲ್ಲಾ ಒಂದೇ ಗಳಿಗೇಲಿ ತಿರುಗ್ ಬಿದ್ವಾ?"

ಗಾಯ ಹೊಲಿಸಿಕೊಂಡು ಮನೆಗೆ ಬಂದರು. ಮಗುವಿನ ಜ್ವರ ಮಾತ್ರ ಮಾತ್ರೆಗೆ ಇಳಿಯುವುದು, ಮತ್ತೆ ಏರುವುದು. ಮುಟ್ಟಿಸಿದ ಕಾಸೇ ಬೆಟ್ಟಕ್ಕೆ ಹೋಗಬೇಕು, ಬೇರೆ ನಡೆಯದು. ಆದರೆ ಆ ನಾಲ್ಕೂ ಇಂಜಿನ್ನಿನ ಹಿಂದಿನ ಗಾಲಿಗಳಾಗಿ ಬೆಸುಗೆಯಲ್ಲಿ ಕೂತಿದ್ದವು. ಸುತ್ತಿಗೆಯಿಂದ ಬಡಿದರೆ ಸೀಳುತ್ತವೆ. ಸೀಳಿದ ಕಾಸು ಮುಡಿಪಿಗೆ ಸಲ್ಲದು. ಬಿಡಿಸಬಲ್ಲವನು ಒಬ್ಬನೇ, ಅವನ ಬಲಗೈ ಪಟ್ಟಿಯೊಳಗಿತ್ತು.

ದೊಡ್ಡಮಾದಪ್ಪ ಇಂಜಿನ್ನನ್ನು ತಂದು ತಮ್ಮನ ಮುಂದೆ ಕೂತ. "ಬುಡ್ಸು," ಅಂದ.

"ಯಾರಾದ್ರೂ ಇಡ್ಕೊಬೇಕು."

ದೊಡ್ಡಮಾದಪ್ಪ ಬಲಗೈಯಲ್ಲಿ ಹಿಡಿದ. ಚಿಕ್ಕಮಾದಪ್ಪ ಕೆಂಡದಲ್ಲಿ ಕಾಯಿಸಿದ ಕಬ್ಬಿಣವನ್ನು ಎಡಗೈಯಲ್ಲಿ ತಂದು ಗಾಲಿಗೆ ತಾಗಿಸಿದ. ಅಭ್ಯಾಸವಿಲ್ಲದ ಕೈ, ಹೊತ್ತು ಹಿಡಿಯಿತು. ತಗಡು ಕಾದು ಅಣ್ಣನ ಅಂಗೈ ಸುಟ್ಟು ವಾಸನೆ ಬಂತು. ಬಿಡು, ಬಟ್ಟೆ ಸುತ್ತಿಕೋ ಎಂದು ತಮ್ಮ ಹೇಳಿದ. ಅವನು ಬಿಡಲಿಲ್ಲ. ಕಾಸು ಒಂದೊಂದಾಗಿ ಅರಿಶಿನದ ಬಟ್ಟೆಗೆ ಉದುರಿದವು. ಅಂಚಿನಲ್ಲಿ ಸೀಸದ ಕಲೆ ಉಳಿದಿತ್ತು. ಅದನ್ನು ಉಜ್ಜಿ ತೆಗೆಯಲು ದೊಡ್ಡಮಾದಪ್ಪ ಬಿಡಲಿಲ್ಲ. ಬೆಟ್ಟದ ಮಾದಪ್ಪ ಅದನ್ನೂ ನೋಡಲಿ ಎಂದ.

ಹನೂರಿನ ಮೇಲೆ ಬೆಟ್ಟಕ್ಕೆ ಹೋಗಿ, ಕಾಸು ಒಪ್ಪಿಸಿ ಬಂದರು. ಪುಟ್ಟಬಸಮ್ಮ ಉಳಿದಳು. ಈಗ ಮಾಂಬಳ್ಳಿಗೆ ಕೊಟ್ಟಿದೆ.

ಬೆಟ್ಟದಿಂದ ಬಂದ ದಿನ ದೊಡ್ಡಮಾದಪ್ಪ ಜೇಬಿನಿಂದ ಆ ನಾಲ್ಕು ಹೊಸ ನಾಣ್ಯ ತೆಗೆದು ಇಂಜಿನ್ನಿನ ನೆತ್ತಿಯ ಮೇಲಿಟ್ಟ. "ಇವುಕ್ಕೆ ತೂತ್ ಕೊರ್ಕೊ," ಅಂದು ಹೊಲಕ್ಕೆ ಹೋದ. ಬಾರುಕೋಲು ಆಮೇಲೆ ಎತ್ತುಗಳ ಮೇಲೆ ಮಾತ್ರ ಎದ್ದಿತು.

ಚಿಕ್ಕಮಾದಪ್ಪ ಕೊರೆಯಲಿಲ್ಲ, ಕೊರೆಯುವ ಕೈ ಉಳಿದಿರಲಿಲ್ಲ. ಇಂಜಿನ್ನು ಗೋಡೆಯ ಗೂಡಿನಲ್ಲಿದೆ. ಮುಂದೆ ಎಂಟು ಗಾಲಿ, ಹಿಂದೆ ಒಂದು ಇಟ್ಟಿಗೆಯ ಚೂರು, ನೆತ್ತಿಯ ಮೇಲೆ ನಾಲ್ಕು ನಾಣ್ಯ.