ಸೆರಗಿನ ಕೆಂಪೇ ಬೇರೆ

ನಮ್ಮ ಶಾಲೆಗೆ ಕಂಪ್ಯೂಟರ್ ಬಂದ ಮೊದಲ ವರ್ಷ ಅದನ್ನು ಯಾರೂ ಬಳಸಲಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಯಾಕೆಂದರೆ ಮುಂದೆ ಹೇಳುವುದರಲ್ಲಿ ನನ್ನ ಜಂಬ ಬಹಳ ಇದೆ. ಎಂಬತ್ತರ ದಶಕದ ನಡುಭಾಗ. ಹುನಗುಂದದ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ. ಇಳಕಲ್ಲಿನಿಂದ ದಿನಾ ಬಸ್ಸಿನಲ್ಲಿ ಹೋಗಿಬರುವುದು. ಸರಕಾರ ಅಲ್ಲೊಂದು ಇಲ್ಲೊಂದು ಶಾಲೆಗೆ ಕಂಪ್ಯೂಟರ್ ಹಂಚುತ್ತಿತ್ತು. ನಮ್ಮ ಪಾಲಿಗೂ ಒಂದು ಬಂತು, ಜೊತೆಗೊಂದು ಬಣ್ಣದ ಟೀವಿ, ಪ್ರೋಗ್ರಾಂ ಉಳಿಸಿಕೊಳ್ಳಲು ಒಂದು ಕ್ಯಾಸೆಟ್ ರೆಕಾರ್ಡರ್. ಮೂರು ವಾರದ ತರಬೇತಿಗೆ ಧಾರವಾಡಕ್ಕೆ ಹೋಗಲು ಉಳಿದ ಶಿಕ್ಷಕಿಯರು ಯಾರೂ ಒಪ್ಪಲಿಲ್ಲ. ಮನೆಯಲ್ಲಿ ಗಂಡ ಮಕ್ಕಳಿಲ್ಲ, ಮೇಲಾಗಿ ಈ ಜಗಳಗಂಟಿ ಎದುರಿಗೆ ಇಲ್ಲದಿದ್ದರೆ ಶಾಲೆಯೂ ತಣ್ಣಗಿರುತ್ತದೆ ಎಂದು ನನ್ನನ್ನು ಕಳಿಸಿದರು.

ಕಲಿತು ಬಂದೆ. ಬಂದು ನೋಡಿದರೆ ಯಂತ್ರ ಕಬ್ಬಿಣದ ಕಪಾಟಿನೊಳಗೆ. ನಮ್ಮ ಮುಖ್ಯೋಪಾಧ್ಯಾಯಿನಿ, ಎಲ್ಲರ ಬಾಯಲ್ಲಿ ದೊಡ್ಡಕ್ಕೋರು, ಅದರ ಮೇಲೆ ಕಸೂತಿ ಹಾಕಿದ ಬಟ್ಟೆ ಹೊದಿಸಿ ಬೀಗ ಜಡಿದಿದ್ದರು.

“ಮುಟ್ಟಿದ್ರ ಕೆಡ್ತದವಾ. ಕೆಟ್ರ ಮ್ಯಾಲಿನವ್ರಿಗೆ ಏನ್ ಹೇಳ್ಲಿ?”

“ಮುಟ್ಟದs ಇಟ್ರೂ ಕೆಡ್ತದ್ರಿ,” ಅಂದೆ. ಅವರು ನಕ್ಕು ಚಹಾ ತರಿಸಿದರು. ಒಳ್ಳೆಯವರು, ಆದರೆ ಅಂಜುಬುರುಕರು. ನಿವೃತ್ತಿಗೆ ಮೂರು ವರ್ಷ ಉಳಿದಿತ್ತು, ಅಲ್ಲಿಯತನಕ ಮೇಲಿನಿಂದ ಒಂದು ಮಾತೂ ಬರಬಾರದು ಎಂಬುದಷ್ಟೇ ಅವರ ಆಸೆ. ನಾನೂ ಆಮೇಲೆ ಸುಮ್ಮನಾದೆ. ಆ ಸುಮ್ಮನಿದ್ದದ್ದಕ್ಕೆ ನನ್ನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಮರುವರ್ಷ ಮೇಲಿನ ಕಚೇರಿಯಿಂದ ಕಾಗದ ಬಂತು. ‘ಉಪಯೋಗದಲ್ಲಿಲ್ಲದ ಯಂತ್ರ’ವನ್ನು ಬಾಗಲಕೋಟೆಯ ಗಂಡುಮಕ್ಕಳ ಶಾಲೆಯೊಂದಕ್ಕೆ ಕೊಡುವುದಾಗಿಯೂ, ಒಂದು ತಿಂಗಳಲ್ಲಿ ಸಾಹೇಬರೇ ಬಂದು ನೋಡಿ ಒಯ್ಯುವುದಾಗಿಯೂ ಅದರಲ್ಲಿತ್ತು. ಶಿಕ್ಷಕಿಯರ ಕೋಣೆಯಲ್ಲಿ ಒಬ್ಬರು, “ಹೋಗ್ಲಿ ಬಿಡ್ರಿ, ಹೆಣ್ಣ ಹುಡುಗ್ಯಾರಿಗೆ ಅದ್ಯಾಕ,” ಎಂದರು. ನನ್ನ ಮೈ ಉರಿದುಹೋಯಿತು. ಬೀಗ ಹಾಕಿದ್ದು ನಾವೇ, ಸರಿ. ಬೀಗ ತೆಗೆಯುವುದೂ ನಮ್ಮ ಕೈಯಲ್ಲೇ ಇತ್ತಲ್ಲ! ಸೀದಾ ದೊಡ್ಡಕ್ಕೋರ ಮುಂದೆ ಹೋಗಿ ಕೈ ಚಾಚಿದೆ. ಅವರು ಕಾಗದ ನೋಡಿದರು, ನನ್ನನ್ನು ನೋಡಿದರು, ಕೀಲಿಕೈ ಕೊಟ್ಟರು.

ಸಾಹೇಬರಿಗೆ ಏನು ತೋರಿಸುವುದು? ಕೂಡಿಸುವ ಕಳೆಯುವ ಲೆಕ್ಕ ತೋರಿಸಿದರೆ “ಇದನ್ನ ಪಾಟಿ ಮ್ಯಾಲೂ ಮಾಡಬಹುದಲ್ಲ” ಅನ್ನುತ್ತಾರೆ. ತರಬೇತಿಯಲ್ಲಿ ನಮಗೆ ತೋರಿಸಿದ ಆಟಗಳಲ್ಲಿ ಬರೀ ಹಾರುವ ವಿಮಾನ, ಗುಂಡು ಹೊಡೆಯುವ ಗಂಡಸರು. ನಾನು ಖೋಖೋ ಆಟದ ಪ್ರೋಗ್ರಾಂ ಬರೆಯಲು ಕೂತೆ. ಸಾಲಾಗಿ ಕೂತವರು ಎಂಟು, ಅಟ್ಟಿಸುವವಳು ಒಬ್ಬಳು, ತಪ್ಪಿಸಿಕೊಳ್ಳುವವರು ಮೂವರು. ಹನ್ನೆರಡೂ ಮಂದಿ ಹೆಂಗಸರು, ಅದೂ ಕೆಂಪು ಸೆರಗಿನ ಇಳಕಲ್ ಸೀರೆಯವರು.

ಹತ್ತನೆಯ ಇಯತ್ತೆಯ ಹುಡುಗಿಯರು ಬಾಯಿಗೆ ಕೈ ಇಟ್ಟುಕೊಂಡು ನಕ್ಕರು. “ಅಕ್ಕೋರ, ಸೀರಿ ಉಟ್ಕೊಂಡು ಖೋಖೋ ಆಡ್ತಾರೇನ್ರಿ?”

“ಸೀರಿ ಉಟ್ಕೊಂಡು ಬಾಂವಿಗೆ ಇಳೀತಾರ, ಹೊಲದಾಗ ಸದಿ ಕೀಳ್ತಾರ. ಓಡೂದೇನ್ ದೊಡ್ಡದು?” ಎಂದು ಬಾಯಿ ಮುಚ್ಚಿಸಿದೆ.

ಕಂಪ್ಯೂಟರಿನ ಪರದೆ ಎಂದರೆ ಚೌಕಳಿ ಕಾಗದವೇ. ಅಡ್ಡ ಹನ್ನೆರಡು ಚೌಕ, ಉದ್ದ ಹದಿನಾರು. ಅಷ್ಟರಲ್ಲಿ ಒಂದು ಗೊಂಬೆ ಮುಗಿಯಬೇಕು. ಪ್ರತಿ ಚೌಕಕ್ಕೆ ಒಂದು ಬಣ್ಣದ ಸಂಖ್ಯೆ. ಇದ್ದದ್ದು ಎಂಟೇ ಬಣ್ಣ, ಮೈಬಣ್ಣವೆಂಬುದು ಅದರಲ್ಲಿಲ್ಲ. ಹಳದಿ ಹಾಕಿದೆ, ಎಲ್ಲರೂ ಅರಿಷಿಣ ಹಚ್ಚಿಕೊಂಡು ಆಟಕ್ಕೆ ಇಳಿದ ಹಾಗಾಯಿತು. ಹನ್ನೆರಡು ಮಂದಿಯನ್ನೂ ಬೇರೆ ಬೇರೆ ಬರೆದೆ: ಕೂತದ್ದು, ಎದ್ದದ್ದು, ಎಡಕ್ಕೆ ಓಡುವುದು, ಬಲಕ್ಕೆ ಓಡುವುದು. ಹುಡುಗಿಯರು ಸಂಖ್ಯೆ ಓದಿ ಹೇಳುವುದು, ನಾನು ಒತ್ತುವುದು. ವಾರವಿಡೀ ಹೀಗೆ ತುಂಬಿಸಿ ಓಡಿಸಿದರೆ ಯಂತ್ರ ಇಂಗ್ಲಿಷಿನಲ್ಲಿ ಎರಡೇ ಮಾತು ಹೇಳಿತು. ಅದರ ಅರ್ಥ ‘ಜಾಗ ಇಲ್ಲ’ ಅಂತ. ಅದರ ನೆನಪಿನ ಅರ್ಧಕ್ಕಿಂತ ಹೆಚ್ಚನ್ನು ಬಣ್ಣದ ಪರದೆಯೇ ನುಂಗುತ್ತಿತ್ತು. ಉಳಿದದ್ದರಲ್ಲಿ ನನ್ನ ಹನ್ನೆರಡು ಮಂದಿ ಹಿಡಿಯಲಿಲ್ಲ. ಹೆಂಗಸರಿಗೆ ಜಾಗ ಇಲ್ಲ ಎಂದು ಹೇಳುವುದನ್ನು ಅದಕ್ಕೂ ಯಾರೋ ಕಲಿಸಿಟ್ಟಿದ್ದಾರೆ ಅನ್ನಿಸಿತು.

ಸರಿ, ಒಬ್ಬಳನ್ನೇ ಬರೆದು ಅವಳನ್ನೇ ಹನ್ನೆರಡು ಸಲ ಬಿಡಿಸೋಣ, ಬಿಡಿಸುವಾಗ ಸೀರೆಯ ಬಣ್ಣ ಬದಲಿಸೋಣ ಎಂದು ಹೊಸದಾಗಿ ಶುರುಮಾಡಿದೆ. ಪ್ರತಿ ಚೌಕವನ್ನೂ ಕೇಳುವುದು: ನೀನು ಕೆಂಪೇ? ಹೌದಾದರೆ ಹಸಿರಾಗು. ಜಾಗವೇನೋ ಸಾಲಿತು. ಆದರೆ ಒಬ್ಬೊಬ್ಬಳಿಗೆ ನೂರ ತೊಂಬತ್ತೆರಡು ಸಲ ಕೇಳುತ್ತ ಕೂತರೆ ಓಡುವುದು ಯಾವಾಗ? ಅಟ್ಟಿಸುವವಳು ಒಂದು ಹೆಜ್ಜೆ ಇಡುವಷ್ಟರಲ್ಲಿ ಒಂದು ಗುಟುಕು ಚಹಾ ಕುಡಿಯಬಹುದಾಗಿತ್ತು. ಅದಕ್ಕಿಂತ ಅನಾಹುತವೆಂದರೆ ಕೆಂಪು ಇದ್ದಲ್ಲೆಲ್ಲ ಹಸಿರಾಯಿತು. ಸೀರೆಯ ಮೈ ಹಸಿರು, ಸೆರಗು ಹಸಿರು, ಹಣೆಯ ಕುಂಕುಮವೂ ಹಸಿರು. ಹುಡುಗಿಯರು ನೆಲಕ್ಕೆ ಬಿದ್ದು ನಕ್ಕರು. ನನಗೆ ಅಳು ಬಂತು, ಹದಿನೈದೇ ದಿನ ಉಳಿದಿತ್ತು.

ಆ ಭಾನುವಾರ ಚೌಕಳಿ ಕಾಗದ ಹಿಡಿದು ಅವ್ವನ ಹತ್ತಿರ ಕೂತಿದ್ದೆ. ಅವ್ವ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದಳು. ನಮ್ಮದು ನೇಕಾರರ ಮನೆ. ಲಾಳಿಯ ಸದ್ದು ನಿಂತರೆ ಯಾರಿಗೋ ಮೈಯಲ್ಲಿ ಹುಷಾರಿಲ್ಲ ಎಂದೇ ಲೆಕ್ಕ. ಅವ್ವ ಕತ್ತು ಚಾಚಿ ನನ್ನ ಹಸಿರು ಗೊಂಬೆ ನೋಡಿ ಲಾಳಿ ನಿಲ್ಲಿಸಿದಳು.

“ಸೆರಗು ಹಸರು ಮಾಡಿಯಲ್ಲ, ಯಾವೂರ ಸೀರಿ ಇದು?”

“ಮೈ ಹಸರು ಮಾಡಾಕ ಹ್ವಾದ್ರ ಸೆರಗೂ ಆಗ್ತೈತಿ ಬೇ. ಎರಡೂ ಕೆಂಪ ಅದಾವಲ್ಲ. ಯಂತ್ರಕ್ಕ ಹೆಂಗ ತಿಳೀಬೇಕು?”

“ಎರಡೂ ಒಂದ ಕೆಂಪು ಅಂತ ನಿನಗ ಯಾರ್ ಹೇಳಿದ್ರು? ಮೈ ಹತ್ತೀದು, ಸೆರಗು ರೇಷ್ಮೀದು. ಹಾಸs ಬ್ಯಾರೆ. ನಾ ಮೈಗೆ ಕೆಂಪರ ಹಾಕ್ತೇನಿ, ಹಸರರ ಹಾಕ್ತೇನಿ, ಸೆರಗಿಗೆ ಅದರ ಗೊಡವಿ ಏನೈತಿ? ಕೊಂಡಿ ಹಾಕಿ ಕೂಡಸಾಕ ಬರ್ತೈತಂದ್ರ ಎರಡೂ ಒಂದ ಆಗ್ತಾವೇನು? ಬಿ.ಎಸ್ಸಿ. ಮಾಡಿ ಮತ್ತ!”

ಹಾಸು ಎಂದರೆ ಮಗ್ಗದಲ್ಲಿ ಉದ್ದಕ್ಕೆ ಎಳೆದು ಕಟ್ಟಿದ ನೂಲು. ಇಳಕಲ್ ಸೀರೆಯಲ್ಲಿ ಮೈಗೆ ಒಂದು ಹಾಸು, ಸೆರಗಿಗೆ ಇನ್ನೊಂದು. ಎಳೆಗೆ ಎಳೆ ಕೊಂಡಿ ಹಾಕಿ ಎರಡನ್ನೂ ಸೇರಿಸುತ್ತಾರೆ. ಹುಟ್ಟಿದಾಗಿನಿಂದ ನೋಡಿದ್ದು. ಚಿಕ್ಕವಳಿದ್ದಾಗ, ಅರವತ್ತರ ದಶಕದಲ್ಲಿ, ಶಾಲೆ ಬಿಟ್ಟು ಬಂದು ಆ ಕೊಂಡಿಗಳನ್ನು ಹಾಕಿದ್ದು ನನ್ನ ಇದೇ ಬೆರಳುಗಳು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ನನಗೆ ಚಪ್ಪಲಿಯಿಂದ ಹೊಡೆದಷ್ಟು ನಾಚಿಕೆಯಾಯಿತು. ನಾನು ಚೌಕದಲ್ಲಿ ಬಣ್ಣ ಬರೆದಿದ್ದೆ. ಬರೆಯಬೇಕಾದದ್ದು ಬಣ್ಣವನ್ನಲ್ಲ, ಅದು ಸೀರೆಯ ಯಾವ ಭಾಗ ಎಂಬುದನ್ನು.

ಸೋಮವಾರ ಎಲ್ಲ ಅಳಿಸಿದೆ. ಒಂದು ಎಂದರೆ ಮೈ, ಎರಡು ದಡಿ, ಮೂರು ಸೆರಗು, ನಾಲ್ಕು ಕುಂಕುಮ. ಗೊಂಬೆಯ ಚೌಕಗಳಲ್ಲಿ ಇವೇ ಸಂಖ್ಯೆ. ಯಾವ ಸಂಖ್ಯೆಗೆ ಯಾವ ಬಣ್ಣ ಎಂಬುದು ಪಕ್ಕದಲ್ಲೊಂದು ಸಣ್ಣ ಪಟ್ಟಿಯಲ್ಲಿ. ಒಂದೊಂದು ತಂಡಕ್ಕೆ ಒಂದೊಂದು ಪಟ್ಟಿ. ಮೈಯೂ ಕೆಂಪಿರಬಹುದು, ಸೆರಗೂ ಕೆಂಪಿರಬಹುದು, ಆದರೆ ಅದು ಒಂದು, ಇದು ಮೂರು. ಇನ್ನು ಯಂತ್ರ ಯಾರನ್ನೂ ‘ನೀನು ಕೆಂಪೇ’ ಎಂದು ಕೇಳಬೇಕಾಗಿಲ್ಲ. ಸಂಖ್ಯೆ ನೋಡುವುದು, ಪಟ್ಟಿಯಲ್ಲಿ ಆ ಮನೆಗೆ ಹೋಗುವುದು, ಅಲ್ಲಿದ್ದ ಬಣ್ಣ ಹಚ್ಚುವುದು. ಹನ್ನೆರಡು ಮಂದಿ ಅಷ್ಟೇ ಜಾಗದಲ್ಲಿ ಹಿಡಿದರು, ಅಟ್ಟಿಸುವವಳು ಓಡಿದಳು. ಹುಡುಗಿಯರು ಎಷ್ಟು ಜೋರಾಗಿ ಕೂಗಿದರೆಂದರೆ ಪಕ್ಕದ ತರಗತಿಯ ಶಿಕ್ಷಕಿ ಬೈಯಲು ಬಂದು ತಾವೂ ನಿಂತು ನೋಡಿದರು.

ಸಾಹೇಬರು ಹೇಳಿದ ದಿನವೇ ಜೀಪಿನಲ್ಲಿ ಬಂದರು. ಜೀಪಿನ ಹಿಂದೆ ಯಂತ್ರಕ್ಕೆಂದು ರಟ್ಟಿನ ಪೆಟ್ಟಿಗೆ, ಹುಲ್ಲು ಎಲ್ಲ ತಯಾರಾಗಿತ್ತು. ನೋಡಲು ಬಂದದ್ದಲ್ಲ, ಒಯ್ಯಲು ಬಂದದ್ದು. ನಾನು ಆಟ ತೋರಿಸಿದೆ.

“ಆಟ ಆಡಾಕ ಸರಕಾರ ಇದನ್ನ ಕೊಟ್ಟದೇನ್ರಿ?”

“ಆಡೂದು ಬ್ಯಾರೆ, ಬರಿಯೂದು ಬ್ಯಾರೆ ರೀ ಸಾಹೇಬ್ರ. ಇದನ್ನ ನಾನೂ ನಮ್ಮ ಹುಡುಗ್ಯಾರೂ ಕೂಡಿ ಬರದೇವಿ.”

“ಹೌದಾ? ಹಂಗಾದ್ರ ಈ ಒಂಬತ್ತು ಮಂದಿ ಕೆಂಪು ಸೀರೀನ ನೀಲಿ ಮಾಡ್ರಿ ನೋಡೂಣು. ನಾ ಮುಂದಿನ ವಾರ ಬರ್ಲಿ?”

ಒಂದೇ ಸಂಖ್ಯೆ ಬದಲಿಸಿ ಓಡಿಸಿದೆ. ಒಂಬತ್ತು ಸೀರೆ ನೀಲಿ. ಸೆರಗು, ಕುಂಕುಮ ಇದ್ದ ಹಾಗೇ ಕೆಂಪು. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಆದರೂ ಸೋಲಲು ಮನಸ್ಸಿಲ್ಲ.

“ಅಲ್ರೀ, ಎಲ್ಲಾ ಹೆಂಗಸರನ್ನ ಯಾಕ ಹಾಕೀರಿ? ಗಂಡು ಹುಡುಗರನ್ನ ಮಾಡಾಕ ಬರ್ತದೋ ಇಲ್ಲೋ?”

“ಪಟ್ಟಿ ಬದಲಿಸಿದ್ರ ಬಣ್ಣ ಬದಲಾಗ್ತದ್ರಿ. ಉಟ್ಟಾಕಿ ಬದಲಾಗೂದಿಲ್ಲ.”

ಇದನ್ನು ಹೇಳಬೇಕೆಂದು ಯೋಚಿಸಿ ಇಟ್ಟುಕೊಂಡಿರಲಿಲ್ಲ, ಬಾಯಿಂದ ಬಂದುಬಿಟ್ಟಿತು. ಅವರ ಮುಖ ಗಂಟಾಯಿತು. ಕಾಗದ ಮುಂದಿಟ್ಟರು: ಉಪಯೋಗದಲ್ಲಿಲ್ಲದ ಯಂತ್ರವನ್ನು ಹಸ್ತಾಂತರಿಸಿದೆ, ಕೆಳಗೆ ಯಂತ್ರದ ಉಸ್ತುವಾರಿಯವರ ಸಹಿ. ಉಸ್ತುವಾರಿಯವಳು ನಾನೇ.

“ಈಗ ನೀವs ಕಣ್ಣಾರೆ ನೋಡೀರಿ, ಉಪಯೋಗದಾಗ ಅದ. ಸುಳ್ಳಿಗೆ ನಾ ಸಹಿ ಮಾಡೂದಿಲ್ರಿ. ‘ಉಪಯೋಗದಲ್ಲಿದ್ದ ಯಂತ್ರವನ್ನು ಕಿತ್ತುಕೊಂಡು ಹೋಗಲಾಗಿದೆ’ ಅಂತ ಬರೀರಿ, ಈಗಿಂದೀಗ ಮಾಡ್ತೇನಿ.”

ದೊಡ್ಡಕ್ಕೋರು ಬಾಗಿಲಲ್ಲಿ ನಿಂತು ನೆಲ ನೋಡುತ್ತಿದ್ದರು. ಒಂದು ಮಾತು, ಒಂದೇ ಒಂದು ಮಾತು ಆಡಲಿಲ್ಲ. ಸಾಹೇಬರು ಪೆಟ್ಟಿಗೆ, ಹುಲ್ಲು ಎರಡನ್ನೂ ಹಾಗೇ ಒಯ್ದರು.

ಮೂರು ವಾರಕ್ಕೆ ಮತ್ತೊಂದು ಕಾಗದ ಬಂತು. ಈ ಸಲ ವರ್ಗಾವಣೆ ಯಂತ್ರಕ್ಕಲ್ಲ, ನನಗೆ. ಬಾದಾಮಿಯ ಹತ್ತಿರ, ಮಹಾಕೂಟದ ಕಡೆಯ ಒಂದು ಹಳ್ಳಿಯ ಶಾಲೆ. ಅಲ್ಲಿ ಕರೆಂಟಿನ ಕಂಬ ಅಂಗಳದ ತನಕ ಬಂದು ನಿಂತಿತ್ತು, ಒಳಗೆ ಬಂದಿರಲಿಲ್ಲ. ಲೆಕ್ಕ ನನಗೆ ಚೆನ್ನಾಗಿ ತಿಳಿಯಿತು. ಕಲಿತವಳನ್ನು ತೆಗೆದರೆ ಯಂತ್ರ ತಾನಾಗಿಯೇ ಉಪಯೋಗದಲ್ಲಿಲ್ಲದ್ದು ಆಗುತ್ತದೆ, ಆಗ ಯಾರ ಸಹಿಯಾದರೂ ಸಿಗುತ್ತದೆ.

ಕಾಗದ ಹಿಡಿದು ದೊಡ್ಡಕ್ಕೋರ ಕೋಣೆಗೆ ಹೋಗಿ ಬಾಯಿಗೆ ಬಂದದ್ದೆಲ್ಲ ಅಂದೆ. ಅವತ್ತು ನೀವು ಬಾಯಿ ಬಿಟ್ಟಿದ್ದರೆ ಇದು ಆಗುತ್ತಿರಲಿಲ್ಲ ಎಂದೆ. ನನಗಿಂತ ಇಪ್ಪತ್ತೈದು ವರ್ಷ ದೊಡ್ಡವರಿಗೆ ಆಡಬಾರದ ಮಾತು. ಅವರು ಪೂರ್ತಿ ಕೇಳಿಸಿಕೊಂಡರು.

“ಖರೆ ಅದವಾ. ನನಗ ಅವರನ್ನ ಕಂಡ್ರ ಅಂಜಿಕಿ ಬರ್ತದ. ಮೊದಲಿಂದ್ಲೂ ಹಂಗs.” ಆಮೇಲೆ ಕೇಳಿದರು, “ನೀ ಇನ್ನ ಎಷ್ಟು ದಿನ ಇರ್ತಿ?”

“ಒಂಬತ್ತು ದಿನ.”

“ನನಗ ಕಲಸು.”

ಕಲಿಸಿದೆ. ಬಹಳ ಕೆಟ್ಟ ವಿದ್ಯಾರ್ಥಿನಿ. ಒಂದೊಂದು ಅಕ್ಷರವನ್ನೂ ಹುಡುಕಿ, ಕೀಲಿಗೆ ನೋವಾದೀತು ಎಂಬಂತೆ ಒತ್ತುವುದು. ತಪ್ಪಾದರೆ ಕೈ ಹಿಂದಕ್ಕೆ. ನಾನು ಬೈದೆ, ಹುಡುಗಿಯರು ಕಿಸಕ್ಕೆಂದರು, ಅವರು ಬಿಡಲಿಲ್ಲ. ಮೈ ಒಂದು, ದಡಿ ಎರಡು, ಸೆರಗು ಮೂರು ಎಂದು ವರಾಂಡದಲ್ಲಿ ಬಾಯಿಪಾಠ ಮಾಡುತ್ತ ಓಡಾಡಿದರು. ಒಂಬತ್ತನೆಯ ದಿನ ನಾನು ಬಾದಾಮಿಯ ಬಸ್ಸು ಹತ್ತಿದಾಗ ಅವರಿಗೆ ಕ್ಯಾಸೆಟ್ಟಿನಿಂದ ಪ್ರೋಗ್ರಾಂ ಎತ್ತಿಕೊಳ್ಳಲು, ಪಟ್ಟಿ ಬದಲಿಸಲು, ಓಡಿಸಲು ಬರುತ್ತಿತ್ತು. ಅಷ್ಟೇ. ಸಾಕೋ ಇಲ್ಲವೋ ಗೊತ್ತಿರಲಿಲ್ಲ.

ಹೊಸ ಶಾಲೆಗೆ ಹೋದ ಮೇಲೆ ಆರು ತಿಂಗಳು ಸುದ್ದಿಯಿಲ್ಲ. ಆಮೇಲೆ ಅವರ ಕಾಗದ ಬಂತು. ಕ್ಷೇಮ ಸಮಾಚಾರ ಎಲ್ಲ ಮುಗಿದ ಮೇಲೆ ಬರೆದಿದ್ದರು:

‘ಸಾಹೇಬರು ಹೋದ ವಾರ ಮತ್ತೆ ಬಂದಿದ್ದರು. ಈಗ ನಡೆಸುವವರು ಯಾರೂ ಇಲ್ಲವಲ್ಲ, ಸಹಿ ಮಾಡಿರಿ ಅಂದರು. ನಾನು ನಡೆಸುತ್ತೇನೆ ಅಂದೆ. ನಕ್ಕರು. ಗಡಿಬಿಡಿಯಲ್ಲಿ ಕ್ಯಾಸೆಟ್ ಎರಡು ಸಲ ಹಾಕಬೇಕಾಯಿತು. ಯಾವ ಬಣ್ಣ ಬೇಕು ಹೇಳಿರಿ ಅಂತ ಕೇಳಿದೆ. ಅವರು ಹೇಳಿದ ಬಣ್ಣವನ್ನೆಲ್ಲ ಮಾಡಿದೆ. ಕೋಣೆಯಲ್ಲಿ ಇದ್ದದ್ದು ಒಂದೇ ಕುರ್ಚಿ. ನಿನಗೆ ಗೊತ್ತಲ್ಲ, ಮೂವತ್ತೊಂದು ವರ್ಷದ ನೌಕರಿಯಲ್ಲಿ ನಾನು ಯಾವ ಅಧಿಕಾರಿಯ ಮುಂದೂ ಕೂತವಳಲ್ಲ. ಅವತ್ತು ಮುಗಿಯುವ ತನಕ ಏಳಲಿಲ್ಲ. ಅವರು ನಿಂತೇ ನೋಡಿದರು.’