ಗೋಡೆಯಮ್ಮ ಬರೆದ ಮನೆ

ಜಪಾನಿನ ಕಾರ್ಟೂನು ನೋಡುವವರ ಕಣ್ಣು ಎಲ್ಲಿರುತ್ತದೆ? ಓಡುವ ಹುಡುಗಿಯ ಮೇಲೆ, ಗೋಡೆ ಹಾರುವ ಬೆಕ್ಕಿನ ಮೇಲೆ. ಆ ಹುಡುಗಿ ಓಡುವ ಓಣಿಯನ್ನೂ ಬೆಕ್ಕು ಹಾರುವ ಗೋಡೆಯನ್ನೂ ಯಾರೋ ಒಬ್ಬರು ಬೆನ್ನು ಮುರಿದುಕೊಂಡು ಬರೆದಿರಬೇಕಲ್ಲ ಎಂದು ಯಾರಿಗೂ ಹೊಳೆಯುವುದಿಲ್ಲ. ಆ ಯಾರೋ ಒಬ್ಬರು ನನ್ನ ಅಕ್ಕ. ಇದನ್ನು ಹೇಳದಿದ್ದರೆ ನನ್ನ ಹೊಟ್ಟೆಯುರಿ ಆರುವುದಿಲ್ಲ.

ಅವಳು ಕೆಲಸ ಮಾಡುವ ಸ್ಟುಡಿಯೋ ನಮ್ಮೂರಿನ ಒಂದು ಬ್ಯಾಂಕಿನ ಮೇಲಿನ ಮಹಡಿಯಲ್ಲಿದೆ. ಹಗಲಲ್ಲೂ ಪರದೆ ಎಳೆದ ಉದ್ದನೆಯ ಕೋಣೆ, ಸಾಲು ಕಂಪ್ಯೂಟರುಗಳು, ಸದಾ ಕೆಟ್ಟಿರುವ ಒಂದು ಫ್ಯಾನು. ಜಪಾನಿನಿಂದ ಕತೆಯೂ ಗೆರೆಯ ಚಿತ್ರಗಳೂ ಬರುತ್ತವೆ. ಮನುಷ್ಯರನ್ನು ಬರೆಯುವ ತಂಡ ಬೇರೆ. ಅಕ್ಕನ ಪಾಲಿಗೆ ಬರುವುದು ಅವರ ಹಿಂದಿರುವ ಮನೆ, ಮೆಟ್ಟಿಲು, ಕಿಟಕಿ, ಕಿಟಕಿಯಿಂದ ನೆಲಕ್ಕೆ ಬೀಳುವ ಬಿಸಿಲು. ಅವಳು ಬರೆದು ಮುಗಿಸಿದ ಮನೆಗಳಲ್ಲಿ ಒಂದು ನರಪಿಳ್ಳೆಯೂ ಇರುವುದಿಲ್ಲ. ಮನುಷ್ಯರು ಆಮೇಲೆ ಬಂದು ಸೇರಿಕೊಳ್ಳುತ್ತಾರೆ.

ಈ ಕಸುಬಿನಲ್ಲಿ ಒಂದು ಸಲೀಸಾದ ದಾರಿಯಿದೆ. ಕಾಣುವುದನ್ನಷ್ಟೇ ಬರೆದರೆ ಸಾಕು. ಕೋಣೆಗೆ ಮೂರೇ ಗೋಡೆ, ನಾಲ್ಕನೆಯದರ ಜಾಗದಲ್ಲಿ ಕ್ಯಾಮೆರಾ ನಿಂತಿದೆ ಎಂದುಕೊಳ್ಳುವುದು. ಬಾಗಿಲಿನಾಚೆ ಏನಿದೆ ಎಂದು ತಲೆ ಕೆಡಿಸಿಕೊಳ್ಳಬೇಕಿಲ್ಲ. ನನ್ನ ಅಕ್ಕನಿಗೆ ಆ ಸಲೀಸು ಹುಟ್ಟಿನಿಂದ ಬಂದಿಲ್ಲ. ಮೊದಲು ಇಡೀ ಮನೆಯ ನಕ್ಷೆ ಹಾಕಬೇಕು, ನೀರಿನ ಪೈಪು ಯಾವ ಕಡೆಯಿಂದ ಬರುತ್ತದೆ ಎಂದು ಗೊತ್ತಾಗಬೇಕು, ಆಮೇಲೇ ಒಂದು ಮೂಲೆಗೆ ಬಣ್ಣ ಹಚ್ಚುವುದು. ಕೆಲಸ ತಡವಾಗುತ್ತದೆ. ಬೈಗುಳ ಬೀಳುತ್ತದೆ. ಬೈದವರಿಗೆ ತಿರುಗಿ ಎರಡು ಮಾತು ಬೀಳುತ್ತವೆ. "ಈ ಗೋಡೆ ಹಿಂದೆ ಏನಿದೆ?" ಎಂದು ಕೇಳಿ ಕೇಳಿ ಅವಳಿಗೆ ಅಲ್ಲಿ ಗೋಡೆಯಮ್ಮ ಎಂದೇ ಹೆಸರು ಬಿದ್ದಿದೆ.

ಕೆಲವು ವರ್ಷಗಳ ಹಿಂದೆ ಒಂದು ಕಾರ್ಟೂನು ಧಾರಾವಾಹಿಗೆ ಇಡೀ ಮನೆಯ ವಿನ್ಯಾಸದ ಕೆಲಸವೇ ಇಲ್ಲಿಯ ಸ್ಟುಡಿಯೋಗೆ ಬಂತು. ಕತೆಯಲ್ಲಿ ಒಬ್ಬ ಮುದುಕ ಬಡಗಿ, ಗಾಲಿಕುರ್ಚಿ ಹಿಡಿದ ಅವನ ಹೆಂಡತಿ, ಒಬ್ಬ ಮೊಮ್ಮಗಳು. ಸ್ಟುಡಿಯೋದ ನಿರ್ದೇಶಕರು ಕೆಲಸವನ್ನು ಅಕ್ಕನ ಮೇಜಿಗೆ ತಳ್ಳಿದರು. ನೀಟಾಗಿ ಕತ್ತರಿಸಿದ ಗಡ್ಡ, ಮಾತಿಗೊಮ್ಮೆ ಅದನ್ನು ನೀವಿಕೊಳ್ಳುವ ಅಭ್ಯಾಸ. ನನಗೆ ಆ ಗಡ್ಡ ಕಂಡರೇ ಮೈ ಉರಿಯುತ್ತದೆ, ಮುಂದೆ ಯಾಕೆಂದು ತಿಳಿಯುತ್ತದೆ.

ಜಪಾನಿನ ಹಳೆಯ ಮನೆಗಳಲ್ಲಿ ಬಾಗಿಲು ದಾಟಿದ ಕೂಡಲೇ ಚಪ್ಪಲಿ ಬಿಡುವ ತಗ್ಗು ಜಾಗವಿರುತ್ತದೆ. ಅಲ್ಲಿಂದ ಒಂದು ಮೆಟ್ಟಿಲು ಹತ್ತಿದರೆ ಹಲಗೆಯ ನೆಲ. ಅಕ್ಕ ಆ ಮೆಟ್ಟಿಲನ್ನೇ ಕಿತ್ತುಹಾಕಿ ಇಳಿಜಾರು ಬರೆದಳು. ನಿರ್ದೇಶಕರು ಹೌಹಾರಿದರು.

"ಜಪಾನಿ ಮನೆಗೆ ಆ ಮೆಟ್ಟಿಲೇ ಲಕ್ಷಣ ಕಣಮ್ಮಾ. ಅದಿಲ್ದೆ ಹೇಗೆ?"

"ಅಜ್ಜಿ ಒಳಗೆ ಹೇಗೆ ಬರ್ತಾಳೆ ಸರ್?"

"ಮುಂದಿನ ದೃಶ್ಯದಲ್ಲಿ ಒಳಗಿರ್ತಾಳೆ. ಹೇಗೆ ಬಂದ್ಲು ಅಂತ ಯಾರು ಕೇಳ್ತಾರೆ?"

"ನಾನು ಕೇಳ್ತಿದೀನಲ್ಲ. ಅವಳ ಗಂಡ ಬಡಗಿ. ಹೆಂಡ್ತಿಗೋಸ್ಕರ ಒಂದು ಮೆಟ್ಟಿಲು ಕಿತ್ತುಹಾಕೋಕೆ ಆಗದಿರೋನು ಅವನೆಂಥ ಬಡಗಿ?"

ವಾರಗಟ್ಟಲೆ ಜಟಾಪಟಿ ನಡೆಯಿತು. ಕೊನೆಗೆ ಜಪಾನಿನವರೇ ಇಳಿಜಾರು ಚೆನ್ನಾಗಿದೆ ಎಂದುಬಿಟ್ಟರು. ಮುದುಕ ಮೆಟ್ಟಿಲು ಕೀಳುವ ದೃಶ್ಯವನ್ನೂ ಕತೆಗೆ ಸೇರಿಸಿದರು. ಧಾರಾವಾಹಿ ನಮ್ಮ ಟಿವಿಯಲ್ಲೂ ಬಂದಾಗ ಜನ ಕಣ್ಣೀರು ಹಾಕಿದ್ದು ಆ ದೃಶ್ಯಕ್ಕೇ. ಆ ಮನೆಯ ಹುಚ್ಚು ಊರಿಗೆಲ್ಲ ಹಿಡಿಯಿತು, ಕಾಫಿ ಲೋಟದ ಮೇಲೆ, ಶಾಲೆ ಚೀಲದ ಮೇಲೆ ಅದೇ ಮನೆ. ಕೊನೆಯಲ್ಲಿ ಓಡುವ ಹೆಸರುಗಳಲ್ಲಿ ಮಾತ್ರ ಅಕ್ಕನ ಹೆಸರಿಲ್ಲ. 'ಹಿನ್ನೆಲೆ: ಸ್ಟುಡಿಯೋ ತಂಡ' ಎಂದಷ್ಟೇ ಇತ್ತು. ನಾನು ಟಿವಿಗೆ ಕತ್ತರಿ ಎಸೆಯುವುದೊಂದು ಬಾಕಿ. ನಾನು ಟೈಲರ್, ಕತ್ತರಿ ಕೈಯಲ್ಲೇ ಇರುತ್ತದೆ.

ಈಗ ನಮ್ಮ ಅಮ್ಮನ ವಿಷಯಕ್ಕೆ ಬರುತ್ತೇನೆ. ಅಮ್ಮ ಇಸ್ತ್ರಿ ಅಂಗಡಿ ನಡೆಸಿ ನಮ್ಮಿಬ್ಬರನ್ನು ಸಾಕಿದವಳು. ಸೊಂಟ ಮುರಿದ ಮೇಲೆ ಗಾಲಿಕುರ್ಚಿಯೇ ಗತಿಯಾಯಿತು. ನಾವಿರುವುದು ಎರಡನೇ ಮಹಡಿಯ ಬಾಡಿಗೆ ಮನೆ. ಲಿಫ್ಟಿಗೆಂದು ಬಿಟ್ಟ ಜಾಗದಲ್ಲಿ ಮಾಲೀಕರು ಹಳೆಯ ಕಿಟಕಿ ಚೌಕಟ್ಟುಗಳನ್ನು ತುಂಬಿದ್ದಾರೆ. ಬಚ್ಚಲುಮನೆಯ ಬಾಗಿಲು ಕುರ್ಚಿಗಿಂತ ನಾಲ್ಕು ಬೆರಳು ಕಿರಿದು. ಅಗಲ ಮಾಡಿಸಿಕೊಳ್ಳುತ್ತೇವೆ ಎಂದರೆ ಮಾಲೀಕರು ಒಪ್ಪುವುದಿಲ್ಲ, ಗೋಡೆ ಬಿರುಕು ಬಿಡುತ್ತದಂತೆ. ಹಾಗಾಗಿ ಬಚ್ಚಲಿಗೆ ಅವಳನ್ನು ನಾವಿಬ್ಬರೂ ಎತ್ತಿಕೊಂಡು ಹೋಗಬೇಕು. ಆಸ್ಪತ್ರೆಗೆ ಹೋಗಬೇಕೆಂದರೆ ಕೆಳಗಿನ ಗ್ಯಾರೇಜಿನವರು ಬಂದು ಹೊತ್ತು ಇಳಿಸಬೇಕು. ಆಸ್ಪತ್ರೆಯ ಬಾಗಿಲಲ್ಲೂ ಮೆಟ್ಟಿಲು. ಈ ಊರು ಕಟ್ಟಿದವರ ಮನೆಯಲ್ಲಿ ಯಾರಿಗೂ ಮುಪ್ಪೇ ಬಂದಿರಲಿಲ್ಲವೋ ಏನೋ!

"ನನ್ನನ್ನ ಸೋಫಾ ಹೊತ್ತಂಗೆ ಹೊತ್ಕೊಂಡು ಹೋಗ್ತಾರೆ ಕಣೇ" ಎಂದು ಅಮ್ಮ ನಗುತ್ತಿದ್ದಳು. ಆ ನಗು ನನಗೆ ಸಹಿಸಲಾಗುತ್ತಿರಲಿಲ್ಲ.

ಧಾರಾವಾಹಿ ಶುರುವಾದ ಮೇಲೆ ಅಮ್ಮ ಸಂಜೆಯಾದರೆ ಟಿವಿ ಮುಂದೆ. ಕತೆ ಅವಳಿಗೆ ಬೇಕಿರಲಿಲ್ಲ, ಅಜ್ಜಿಯ ಕುರ್ಚಿ ಎಲ್ಲೆಲ್ಲಿ ಹೋಗುತ್ತದೆ ಎಂದು ನೋಡುತ್ತಿದ್ದಳು. ಬೀದಿಯಿಂದ ಒಳಗೆ, ಅಡುಗೆಮನೆಗೆ, ಅಲ್ಲಿಂದ ಹಿತ್ತಲಿಗೆ, ಎಲ್ಲೂ ತಡೆಯಿಲ್ಲ. ಒಂದು ದಿನ ಅಕ್ಕನನ್ನು ಕೇಳಿದಳು.

"ಇದು ನನಗೋಸ್ಕರ ಬರೆದದ್ದೇನೇ?"

"ಇನ್ಯಾರಿಗೆ?" ಎಂದಳು ಅಕ್ಕ, ಸಿಟ್ಟಿನಲ್ಲೇ. ಅವಳಿಗೆ ಪ್ರೀತಿ ಬಂದರೂ ಸಿಟ್ಟಿನ ಹಾಗೇ ಕೇಳಿಸುತ್ತದೆ.

ಆಮೇಲೆ ಪೇಪರಿನಲ್ಲಿ ಸುದ್ದಿ ಬಂತು. ಊರಿನ ವಸ್ತುಪ್ರದರ್ಶನದ ಸಭಾಂಗಣದಲ್ಲಿ ಆ ಮನೆಯನ್ನು ನಿಜಕ್ಕೂ ಕಟ್ಟುತ್ತಾರಂತೆ, ಟಿಕೆಟ್ ಕೊಂಡವರು ಒಳಗೆ ಓಡಾಡಬಹುದಂತೆ. ಅಕ್ಕನಿಗೆ ಆಹ್ವಾನ ಬರಲಿಲ್ಲ. ಅವಳು ನಕ್ಷೆ ಕೊಡುತ್ತೇನೆಂದು ಹೇಳಿ ಕಳಿಸಿದರೆ, ಚಿತ್ರ ನೋಡಿಕೊಂಡು ಕಟ್ಟುತ್ತೇವೆ, ನಕ್ಷೆ ಬೇಡ ಎಂದರು ಪ್ರದರ್ಶನದವರು. ಅಕ್ಕ ಹೋಗುವುದೇ ಬೇಡ ಎಂದಳು. ಹಟ ಹಿಡಿದದ್ದು ಅಮ್ಮ.

"ಕುರ್ಚಿ ಹಿಡಿದಾಗಿನಿಂದ ಒಂದು ಮನೆಯೊಳಗೂ ನಾನಾಗಿ ಹೋಗಿಲ್ಲ. ಆ ಮನೆಗೆ ಹೋಗ್ಬೇಕು. ನೀವ್ಯಾರೂ ಕೈ ಹಾಕ್ಬಾರ್ದು. ಚಕ್ರ ನಾನೇ ತಿರುಗಿಸ್ಕೊಂಡು ಹೋಗ್ತೀನಿ."

ಅಮ್ಮ ಕೇಳಿದ್ದು ಅಷ್ಟೇ. ನಾನು ಟಿಕೆಟ್ ತಂದೆ, ಅವಳಿಗೊಂದು ಹೊಸ ರವಿಕೆ ಹೊಲಿದೆ. ಗ್ಯಾರೇಜಿನವರು ಬಂದು ಇಳಿಸಿಕೊಟ್ಟರು.

ಸಭಾಂಗಣದಲ್ಲಿ ಜನವೋ ಜನ. ದೂರದಿಂದ ಮನೆ ಥೇಟ್ ಹಾಗೇ ಇತ್ತು, ಅದೇ ಸೂರು, ಅದೇ ಕಿಟಕಿ. ಅಕ್ಕನ ಮುಖ ಅರಳಿದ್ದನ್ನು ನಾನು ನೋಡಿದೆ. ಬಾಗಿಲ ಬಳಿ ಆಳೆತ್ತರಕ್ಕೂ ಮಿಗಿಲಾದ ದಪ್ಪ ಮರದ ಫಲಕ ನಿಲ್ಲಿಸಿದ್ದರು. ಅದರ ತುಂಬ ನಿರ್ದೇಶಕರ ಫೋಟೋ, ಗಡ್ಡದ ಸಮೇತ. ಕೆಳಗೆ ದೊಡ್ಡ ಅಕ್ಷರದಲ್ಲಿ ಬರೆದಿತ್ತು: 'ಮೆಟ್ಟಿಲೇ ಇಲ್ಲದ ಮನೆಯ ಕನಸು ಕಂಡವರು.'

ಅಮ್ಮ ಜನರನ್ನು ಸರಿಸುತ್ತ ಜೋರಾಗಿ ಬಾಗಿಲು ದಾಟಿದಳು. ದಾಟಿದವಳು ಅಲ್ಲೇ ಕುರ್ಚಿ ನಿಲ್ಲಿಸಿದಳು.

ಎದುರಿಗೆ ಮೆಟ್ಟಿಲಿತ್ತು. ಗೇಣೆತ್ತರದ, ಫಳಫಳ ಹೊಳೆಯುವ ಮೆಟ್ಟಿಲು. ಅದರ ಮೇಲೆ ಒಬ್ಬ ಹುಡುಗಿ ಕೂತು ಚಪ್ಪಲಿ ಬಿಚ್ಚುವಂತೆ ನಟಿಸುತ್ತಿದ್ದಳು, ಅವಳ ಗೆಳತಿ ಫೋಟೋ ತೆಗೆಯುತ್ತಿದ್ದಳು. ಒಳಗೆ ಹಲಗೆ ನೆಲದ ಮೇಲೆ ಕತೆಯ ಅಜ್ಜಿಯ ಖಾಲಿ ಗಾಲಿಕುರ್ಚಿ. ಸುತ್ತ ಹಗ್ಗ ಕಟ್ಟಿ 'ಮುಟ್ಟಬೇಡಿ' ಎಂಬ ಚೀಟಿ ತೂಗುಹಾಕಿದ್ದರು.

ನನ್ನ ಪಿತ್ತ ನೆತ್ತಿಗೇರಿತು. ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡ ಮೇಲ್ವಿಚಾರಕರನ್ನು ಕೂಗಿ ಕರೆದೆ.

"ಇದೇನ್ರೀ ಇದು? ಇಲ್ಲಿ ಇಳಿಜಾರು ಇರ್ಬೇಕಿತ್ತು!"

"ಇಳಿಜಾರಿನ ಮೇಲೆ ಯಾರೂ ಕೂರಲ್ಲ ಮೇಡಂ. ಮೆಟ್ಟಿಲಿದ್ರೆ ಫೋಟೋ ಚೆನ್ನಾಗಿ ಬರುತ್ತೆ. ಜಪಾನಿ ಮನೆ ಅನ್ನಿಸ್ಬೇಕಲ್ವಾ?"

"ಹೊರಗೆ ಬೋರ್ಡಲ್ಲಿ ಮೆಟ್ಟಿಲೇ ಇಲ್ಲ ಅಂತ ಬರೆದಿದೀರಲ್ಲ!"

"ಅದು ಕತೇಲಿ ಮೇಡಂ."

ಅದು ಕತೆಯಲ್ಲಂತೆ! ಕತೆಯ ಅಜ್ಜಿಗೆ ಇಳಿಜಾರು, ಜೀವ ಇರುವ ಅಜ್ಜಿಗೆ ಮೆಟ್ಟಿಲು. ಮೇಲ್ವಿಚಾರಕರು ಪಾಪ, ತಮ್ಮ ಕಡೆಯ ಇಬ್ಬರನ್ನು ಕರೆದು, "ಅಮ್ಮನ್ನ ಎತ್ತಿ ಒಳಗಿಡಿ" ಎಂದರು. ಅಮ್ಮ ಎರಡೂ ಚಕ್ರಗಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಯಾರೂ ಮುಟ್ಟಬೇಡಿ" ಎಂದಳು. "ಆ ಕುರ್ಚಿಗೇನೋ ಚೀಟಿ ಹಾಕಿದೀರಿ. ನನಗೂ ಒಂದು ಹಾಕಿ."

ಆಗ ನಾನು ಅಕ್ಕನನ್ನು ಹುಡುಕಿದೆ. ಪಕ್ಕದಲ್ಲಿರಲಿಲ್ಲ. ಹೊರಗೆ ಫಲಕದ ಮುಂದೆ ನಿಂತು ಅದನ್ನು ಮೇಲಿಂದ ಕೆಳಗೆ ನೋಡುತ್ತಿದ್ದಳು. ನಿರ್ದೇಶಕರ ಮುಖ ನೋಡುತ್ತಿದ್ದಾಳೆ ಎಂದುಕೊಂಡೆ. ಅಲ್ಲ, ಉದ್ದ ನೋಡುತ್ತಿದ್ದಳು. ಮರುಕ್ಷಣ ಅದನ್ನು ಎರಡೂ ಕೈಯಿಂದ ತಬ್ಬಿ ಸ್ಟ್ಯಾಂಡಿನಿಂದ ಕಿತ್ತೇಬಿಟ್ಟಳು. "ನೋಡ್ತಾ ನಿಂತಿದೀಯಲ್ಲ, ಆ ತುದಿ ಹಿಡಿ!" ಎಂದು ನನಗೆ ಗದರಿದಳು. ನಾನು ಓಡಿಹೋಗಿ ಹಿಡಿದೆ.

"ಏನ್ಮಾಡ್ತಿದೀರಿ ಮೇಡಂ! ಅದನ್ನ ಮುಟ್ಟೋ ಹಾಗಿಲ್ಲ!"

"ಈ ಮನೆ ಬರೆದೋಳು ನಾನು" ಎಂದಳು ಅಕ್ಕ. "ಇಲ್ಲಿ ಇಳಿಜಾರಿತ್ತು. ವಾಪಸ್ ಹಾಕ್ತಿದೀನಿ."

ಫಲಕದ ಒಂದು ತುದಿ ಮೆಟ್ಟಿಲ ಮೇಲೆ, ಇನ್ನೊಂದು ನೆಲಕ್ಕೆ. ನಿರ್ದೇಶಕರು ಸೂರು ನೋಡುತ್ತ ಮಲಗಿದರು. ಅಮ್ಮ ಸ್ವಲ್ಪ ಹಿಂದೆ ಸರಿದು ಚಕ್ರ ತಿರುಗಿಸಿದಳು. ಗಾಲಿ ಗಡ್ಡದ ಮೇಲೆ ಹಾದು, ಮೂಗಿನ ಬಳಿ ಬಂದು ನಿಂತಿತು. ಅಕ್ಕನ ಕೈ ತಾನಾಗಿ ಮುಂದೆ ಹೋಯಿತು, ನಾನು ಅವಳ ಮಣಿಕಟ್ಟು ಹಿಡಿದೆ. ಅಮ್ಮ ಹಲ್ಲು ಕಚ್ಚಿ, ಇಸ್ತ್ರಿಪೆಟ್ಟಿಗೆ ಒತ್ತುತ್ತಿದ್ದ ಹಾಗೆಯೇ ಮೈಭಾರವನ್ನೆಲ್ಲ ಕೈಗೆ ತಂದು ಒತ್ತಿದಳು. ಚಕ್ರ ಹಲಗೆ ನೆಲಕ್ಕೆ ಏರಿತು.

ಯಾರೋ ಚಪ್ಪಾಳೆ ತಟ್ಟಿದರು. ಅಮ್ಮ ಅತ್ತ ತಿರುಗಿಯೂ ನೋಡಲಿಲ್ಲ. ಅವಳಿಗೆ ಆ ಮನೆ ಅಂಗೈಯಷ್ಟೇ ಪರಿಚಯ. ನೇರ ಅಡುಗೆಮನೆಗೆ ಹೋದಳು, ಕಿಟಕಿಯಿಂದ ಇಣುಕಿದಳು, ಬಲಕ್ಕೆ ತಿರುಗಿದಳು. ಅಲ್ಲೊಂದು ಅಗಲವಾದ ಬಾಗಿಲು.

"ಇದು ಬಚ್ಚಲಲ್ವೇನೇ?"

"ಹೂಂ" ಎಂದಳು ಅಕ್ಕ.

ಅಮ್ಮ ಬಾಗಿಲು ಎಳೆದಳು. ಹಿಂದೆ ಒರಟು ಪ್ಲೈವುಡ್, ಆನಿಸಿ ನಿಲ್ಲಿಸಿದ ಕಟ್ಟಿಗೆ, ಕರೆಂಟಿನ ವೈರುಗಳು. ಅಷ್ಟೇ. ಟಿವಿಯಲ್ಲಿ ಆ ಬಾಗಿಲು ಒಮ್ಮೆಯೂ ತೆರೆದಿರಲಿಲ್ಲ, ಹಾಗಾಗಿ ಅದರ ಹಿಂದೆ ಏನನ್ನೂ ಕಟ್ಟಿರಲಿಲ್ಲ. ಅಕ್ಕ ಅದನ್ನು ನೋಡಿ ತುಟಿ ಬಿಗಿಹಿಡಿದಳು. ಇಷ್ಟು ಹೊತ್ತು ತುಂಬದ ಕಣ್ಣು ಆಗ ತುಂಬಿತು.

"ನೀನು ಬರೆದಿದ್ಯಾ ಇಲ್ಲಿ?" ಎಂದು ಅಮ್ಮ ಕೇಳಿದಳು.

"ಬರೆದಿದ್ದೆ. ನಕ್ಷೆಯಲ್ಲಿದೆ."

"ಎಷ್ಟು ದೊಡ್ಡದು?"

"ನಿನ್ನ ಕುರ್ಚಿ ಒಂದು ಸುತ್ತು ತಿರುಗೋವಷ್ಟು."

ಅಮ್ಮ ಕುರ್ಚಿಯನ್ನು ಜನರ ಕಡೆಗೆ ತಿರುಗಿಸಿದಳು. ಇಸ್ತ್ರಿ ಅಂಗಡಿಯಲ್ಲಿ ನಿಂತು ಬೀದಿಯ ಕೊನೆಯವರನ್ನು ಕರೆಯುತ್ತಿದ್ದ ಅದೇ ಗಂಟಲಿನಲ್ಲಿ ಕೂಗಿದಳು:

"ಕೇಳಿಸ್ಕೊಳ್ರಪ್ಪಾ! ಇಲ್ಲೊಂದು ಬಚ್ಚಲಿತ್ತು! ನನ್ನ ದೊಡ್ಡ ಮಗಳು ಬರೆದಿದ್ಲು, ಇವ್ರು ಕಟ್ಟಿಲ್ಲ!"

ಆಮೇಲೆ ಬಂದ ದಾರಿಯಲ್ಲೇ ಹೊರಟಳು. ಫಲಕ ಎತ್ತಿಡಲು ಬಗ್ಗಿದ್ದ ಮೇಲ್ವಿಚಾರಕರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಇಳಿಯುವಾಗಲೂ ಅಮ್ಮ ಯಾರನ್ನೂ ಮುಟ್ಟಗೊಡಲಿಲ್ಲ.